ನಡೆದು ಹೋಗುವವರಿಗೊಂದು ಪೋಸ್ಟರ್: ಗ್ರಾಫಿಕ್ ಡಿಸೈನ್ ಕಲಿಯಲು ಹೊರಟವರಿಗೆ

ಪಿಯುಸಿ ಫಲಿತಾಂಶ ಬಂದ ವಾರಗಳಲ್ಲಿ ಗ್ರಾಫಿಕ್ ಡಿಸೈನ್ ಬಗ್ಗೆ ವಿಚಾರಿಸಿಕೊಂಡು ಬರುವ ಅಪ್ಪ-ಅಮ್ಮಂದಿರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 'ಯಾವ ಸಾಫ್ಟ್‌ವೇರ್ ಕಲಿಸ್ತೀರಿ?' ಜೊತೆಗೆ ಬಂದ ಮಗನೋ ಮಗಳೋ ಸುಮ್ಮನೆ ನಿಂತಿರುತ್ತಾರೆ. ಅವರಿಗೆ ಫೋಟೊಶಾಪ್ ಆಗಲೇ ಅಷ್ಟಿಷ್ಟು ಗೊತ್ತಿರುತ್ತದೆ. ಫೋನಿನಲ್ಲಿ ಕ್ಯಾನ್ವಾ ಇರುತ್ತದೆ. ಗೆಳೆಯರ ಹುಟ್ಟುಹಬ್ಬಕ್ಕೆ, ಊರಿನ ಕ್ರಿಕೆಟ್ ಟೂರ್ನಿಗೆ ಸ್ಟೇಟಸ್ ಚಿತ್ರ ಮಾಡಿಕೊಟ್ಟು ಶಹಬ್ಬಾಸ್ ಅನ್ನಿಸಿಕೊಂಡಿರುತ್ತಾರೆ.

ಸಾಫ್ಟ್‌ವೇರ್ ಕಲಿಯುವುದಕ್ಕೆ ಒಂದು ಬೇಸಿಗೆ ರಜೆ ಸಾಕು. ವರ್ಷಗಟ್ಟಲೆ ಹಿಡಿಯುವುದು ಬೇರೆ ಸಂಗತಿ. ತಾನು ಮಾಡಿದ್ದನ್ನು ತನಗೆ ಪರಿಚಯವೇ ಇಲ್ಲದವರೊಬ್ಬರು, ಬಸ್ಸಿಗೋ ಊಟಕ್ಕೋ ಹೊರಟವರು, ಓಡುವ ಕಣ್ಣಿನಲ್ಲಿ ಹೇಗೆ ನೋಡುತ್ತಾರೆ ಎಂದು ಮುಂಚಿತವಾಗಿ ಕಾಣಬಲ್ಲ ಶಕ್ತಿ ಅದು. ವಿದ್ಯಾರ್ಥಿ ಬೆಳೆದಿದ್ದಾನೋ ಇಲ್ಲವೋ ಎಂದು ನಾನು ನೋಡುವುದು ಅಲ್ಲಿಯೇ. ಮೊದಲ ವರ್ಷದಲ್ಲಿ ಕೆಲಸವೆಲ್ಲ 'ನನಗೆ ಏನೇನು ಬರುತ್ತೆ ನೋಡಿ' ಎನ್ನುತ್ತಿರುತ್ತದೆ. ಕೊನೆಯ ವರ್ಷದ ಹೊತ್ತಿಗೆ ಅದು ಓದುವವರ ಕಡೆಗೆ ತಿರುಗಿರಬೇಕು.

ಒಂದು ರಕ್ತದಾನ ಶಿಬಿರ, ಹಲವು ಕರಡು

ಮಾತಿನಲ್ಲಿ ಇದು ಸುಲಭ. ಕೆಲಸದಲ್ಲಿ ಹೇಗಿರುತ್ತದೆ ಎಂಬುದಕ್ಕೆ ಒಂದು ಪೋಸ್ಟರನ್ನೇ ಹತ್ತಿರದಿಂದ ನೋಡೋಣ.

ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಕಾಲೇಜಿನ ಎನ್‌ಎಸ್‌ಎಸ್ ಘಟಕ ರಕ್ತದಾನ ಶಿಬಿರದ ಪೋಸ್ಟರ್ ಮಾಡಲು ಹೇಳಿತು. ಮೊದಲ ಕರಡಿನಲ್ಲಿ ಕಪ್ಪಿನಿಂದ ಕೆಂಪಿಗೆ ಹರಿಯುವ ಹಿನ್ನೆಲೆ ಇತ್ತು. ನಡುವೆ ದೊಡ್ಡದೊಂದು ರಕ್ತದ ಹನಿ, ಹನಿಯೊಳಗೆ ಹೃದಯ, ಹೃದಯವನ್ನು ಹಿಡಿದ ಎರಡು ಕೈ. ಮೇಲ್ಗಡೆ 'ಸ್ವಯಂಪ್ರೇರಿತ ರಕ್ತದಾನ ಶಿಬಿರ' ಎಂದು ಹೊಳಪು ಹಾಗೂ ನೆರಳು ಎರಡೂ ಇದ್ದ ಅಕ್ಷರ. ಕೆಳಗೆ ಪ್ರಾಂಶುಪಾಲರಿಂದ ಹಿಡಿದು ಗಣ್ಯರ ಹೆಸರುಗಳ ಸಾಲು. ದಿನಾಂಕ, ಜಾಗ ಬಲಗಡೆಯ ಮೂಲೆಯಲ್ಲಿ. ಫೋನಿನ ಪರದೆಯಲ್ಲಿ ನೋಡಿದ ಗೆಳತಿಯರೆಲ್ಲ ಮೆಚ್ಚಿದರು.

ಅದನ್ನು ಎ3 ಅಳತೆಯಲ್ಲಿ ಪ್ರಿಂಟ್ ತೆಗೆಸಿ ಕಾರಿಡಾರಿನ ಗೋಡೆಗೆ ಅಂಟಿಸಿ, ಹತ್ತು ಅಡಿ ದೂರ ನಿಂತು ನೋಡಲು ಹೇಳಿದೆವು. ಹನಿ ಕಂಡಿತು. ಮಿಕ್ಕಿದ್ದೇನೂ ಓದಲಾಗಲಿಲ್ಲ. ಕಾಮರ್ಸ್ ವಿಭಾಗದ ನಾಲ್ಕಾರು ಮಕ್ಕಳನ್ನು ನಿಲ್ಲಿಸಿ, ಈ ಶಿಬಿರದ ಬಗ್ಗೆ ನಿಮಗೇನು ಕೇಳಬೇಕು ಅನ್ನಿಸುತ್ತದೆ ಎಂದು ಕೇಳಿಸಿದೆವು. 'ನನ್ನ ತೂಕ ನಲವತ್ತೇಳು, ಕೊಡಬಹುದಾ?' 'ಕ್ಲಾಸಿನ ಮಧ್ಯೆ ಬರಬಹುದಾ?' 'ಎಷ್ಟು ಹೊತ್ತು ಹಿಡಿಯುತ್ತೆ?' ಪೋಸ್ಟರಿನಲ್ಲಿ ಇದಕ್ಕೆ ಯಾವುದಕ್ಕೂ ಉತ್ತರ ಇರಲಿಲ್ಲ. ರಕ್ತದ ಹನಿ ತೋರಿಸಿ ರಕ್ತದಾನ ಎಂದು ತಿಳಿಸುವ ಅಗತ್ಯ ಆ ಮಕ್ಕಳಲ್ಲಿ ಯಾರಿಗೂ ಇರಲಿಲ್ಲ.

ಎರಡನೆಯ ಕರಡಿಗೆ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ, ಯಾವುದು ಮೊದಲು ಓದಿಸಿಕೊಳ್ಳಬೇಕು, ಯಾವುದು ಆಮೇಲೆ, ಯಾವುದು ಹತ್ತಿರ ಬಂದವರಿಗೆ ಮಾತ್ರ ಎಂದು ಬರೆದುಕೊಂಡಳು. ರಕ್ತ ಕೊಡಲು 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೊ ಇರಬೇಕು. ಈ ಎರಡು ಅಂಕಿಗಳಿಂದಲೇ ಮೂರನೆಯ ಕರಡಿನ ತಲೆಬರಹ ಹುಟ್ಟಿತು: '18 ವರ್ಷ. 45 ಕಿಲೊ. ನೀವೂ ಕೊಡಬಹುದು.' ಬಿಳಿ ಕಾಗದ, ಕಪ್ಪು ಅಕ್ಷರ, ಆ ಎರಡು ಅಂಕಿಗಳಿಗೆ ಮಾತ್ರ ಕೆಂಪು. ದಿನ, ಹೊತ್ತು, ಜಾಗ ಎಡಗಡೆ ಒಂದರ ಕೆಳಗೊಂದು, ನಾಲ್ಕು ಅಡಿಯಿಂದ ಓದಬಹುದಾದಷ್ಟು ದೊಡ್ಡದಾಗಿ. ಚಿತ್ರವೇ ಇಲ್ಲ.

ಗಣ್ಯರ ಹೆಸರುಗಳು ಬಿಟ್ಟುಹೋದವು ಎಂದು ಘಟಕದವರು ಆಕ್ಷೇಪಿಸಿದರು. ಅವಳು ಹೋಗಿ ಮಾತಾಡಿದಳು. ಪೋಸ್ಟರ್ ಯಾರಿಗಾಗಿ ಎಂಬುದನ್ನು ವಿವರಿಸಿ, ಹೆಸರುಗಳನ್ನು ಅಡಿಯಲ್ಲಿ ಸಣ್ಣಕ್ಷರದ ಎರಡು ಸಾಲಿಗೆ ಇಳಿಸಲು ಒಪ್ಪಿಸಿದಳು. ಹತ್ತೊಂಬತ್ತು ವರ್ಷದವಳೊಬ್ಬಳು ಮೇಷ್ಟರುಗಳ ಮುಂದೆ ಕೂತು, ಯಾರ ಮನಸ್ಸೂ ನೋಯದಂತೆ ತನ್ನ ವಿನ್ಯಾಸಕ್ಕೆ ಕಾರಣ ಹೇಳಿ ಗೆದ್ದು ಬಂದದ್ದು ನನ್ನ ದೃಷ್ಟಿಯಲ್ಲಿ ಆ ಪೋಸ್ಟರಿನಷ್ಟೇ ದೊಡ್ಡ ಕೆಲಸ. ಈ ಕಸುಬಿನಲ್ಲಿ ಅರ್ಧ ಪಾಲು ಇಂಥ ಮಾತುಕತೆಯೇ.

ನಿಮ್ಮ ಕೆಲಸವನ್ನೂ ಹೀಗೆ ಪರೀಕ್ಷಿಸಿಕೊಳ್ಳಬಹುದು. ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಹಚ್ಚಿ ದೂರದಿಂದ ನೋಡಿ. ಕಣ್ಣು ಅರೆ ಮುಚ್ಚಿ ನೋಡಿ. ಆಗಲೂ ಎದ್ದು ಕಾಣುವುದು ನೀವು ಮೊದಲು ಹೇಳಬೇಕೆಂದಿದ್ದ ಸಂಗತಿಯೇ ಹೌದೋ ಅಲ್ಲವೋ ಗೊತ್ತಾಗುತ್ತದೆ. ಕಪ್ಪು-ಬಿಳುಪಿನ ಜೆರಾಕ್ಸ್ ಮಾಡಿಸಿ. ಬಣ್ಣ ಹೋದ ಮೇಲೂ ಹಿರಿದು-ಕಿರಿದು ತಿಳಿಯುತ್ತಿದ್ದರೆ ನಿಮ್ಮ ರಚನೆ ಗಟ್ಟಿ ಇದೆ.

ಕನ್ನಡ ಅಕ್ಷರಕ್ಕೆ ಬೇಕಾದ ಜಾಗ

ಡಿಸೈನ್ ಶಾಲೆಗಳಲ್ಲಿ ಪಾಠ ನಡೆಯುವುದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳಿಂದ. ಉದಾಹರಣೆಗಳೆಲ್ಲ ರೋಮನ್ ಅಕ್ಷರದವು. ಆ ನಿಯಮಗಳನ್ನು ಕನ್ನಡಕ್ಕೆ ಹಾಗೆಯೇ ತಂದರೆ ಪುಟ ಉಸಿರುಗಟ್ಟುತ್ತದೆ. ಕನ್ನಡದ ವಿದ್ಯಾರ್ಥಿಗೆ ಇಲ್ಲಿ ತೊಡಕೂ ಇದೆ, ಬೇರೆಯವರಿಗೆ ಸಿಗದ ಅವಕಾಶವೂ ಇದೆ. ಕನ್ನಡ ಅಕ್ಷರವನ್ನು ಚೆನ್ನಾಗಿ ಜೋಡಿಸಬಲ್ಲವರು ತೀರಾ ಕಡಿಮೆ, ಕೆಲಸ ಮಾತ್ರ ಹೆಚ್ಚುತ್ತಿದೆ. 2024ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಅಂಗಡಿ, ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಫಲಕಗಳು ಬದಲಾಗಿವೆ. ಅವುಗಳಲ್ಲಿ ಚೆಂದವಾಗಿ ಓದಿಸಿಕೊಳ್ಳುವವು ಎಷ್ಟು ಎಂದು ನಿಮ್ಮ ಊರಿನ ಮುಖ್ಯ ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ.

ಮೊದಲು ಸಾಲಿನ ಅಂತರ. ಸಾಫ್ಟ್‌ವೇರ್ ತಾನೇ ಕೊಡುವ ಅಂತರ ಸಾಮಾನ್ಯವಾಗಿ ಅಕ್ಷರದ ಅಳತೆಯ ಶೇ 120. 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್. ರೋಮನ್ ಲಿಪಿಗೆ ಅದು ಸಾಕು. ಕನ್ನಡದಲ್ಲಿ ಗುಡಿಸು, ಏತ್ವ ಮೇಲಕ್ಕೆ ಹೋಗುತ್ತವೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. 'ರಾಷ್ಟ್ರ', 'ಸ್ತ್ರೀ' ಎಂಬಲ್ಲಿ ಒತ್ತಿಗೆ ಇನ್ನೊಂದು ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದ ಕಡೆ ಓದುವವರ ಕಣ್ಣು ಎಡವುತ್ತದೆ. ಅದಕ್ಕೇ ಶೇ 140ರಿಂದ 150ರ ಆಸುಪಾಸಿನಲ್ಲಿ ಶುರುಮಾಡಿ. 'ಶಾಸ್ತ್ರ' ಎಂಬ ಪದದ ನೇರ ಕೆಳಗೆ 'ಕೀರ್ತಿ' ಬರುವಂತೆ ಇಟ್ಟು, ಎರಡೂ ತಾಗದಷ್ಟು ಅಂತರ ಇದೆಯೇ ಎಂದು ನೋಡಿಕೊಳ್ಳಿ. ಫಾಂಟಿನಿಂದ ಫಾಂಟಿಗೆ ಇದು ಬದಲಾಗುತ್ತದೆ.

ಎರಡನೆಯದು ಅಕ್ಷರದ ಹೊಟ್ಟೆಯೊಳಗಿನ ಬಿಳಿ. ದ ಮತ್ತು ಧ, ಪ ಮತ್ತು ಫ, ಇವುಗಳ ನಡುವೆ ಇರುವುದು ಒಂದು ಸಣ್ಣ ಸೀಳು. ಪ ಮತ್ತು ಷ ನಡುವೆ ಒಳಗಿನ ಒಂದು ಗೆರೆ. ಫಾಂಟನ್ನು ಬಲವಂತವಾಗಿ ದಪ್ಪ ಮಾಡಿದರೆ, ಸುತ್ತ ಸ್ಟ್ರೋಕ್ ಹಾಕಿದರೆ, ಹೊಳಪು-ನೆರಳು ಸೇರಿಸಿದರೆ ಈ ಸೀಳು ಮುಚ್ಚಿಹೋಗುತ್ತದೆ. 'ಧನಸಹಾಯ'ದ ಧ ಹೋಗಿ ದ ಆಗುತ್ತದೆ. ದಪ್ಪ ಬೇಕೆಂದರೆ ದಪ್ಪವಾಗಿಯೇ ಬರೆದ ಫಾಂಟ್ ಆರಿಸಿ. ಅದರಲ್ಲಿ ವಿನ್ಯಾಸಕರು ಆ ಸೀಳಿಗೆ ಜಾಗ ಉಳಿಸಿರುತ್ತಾರೆ.

ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಟ್ರ್ಯಾಕಿಂಗ್ ಇಂಗ್ಲಿಷ್ ದೊಡ್ಡಕ್ಷರಗಳಿಗೆ ಒಪ್ಪುತ್ತದೆ. ಕನ್ನಡದಲ್ಲಿ ಹಾಗೆ ಮಾಡಿದರೆ ಹಲವು ಫಾಂಟುಗಳಲ್ಲಿ 'ಕೀ', 'ಕೋ'ಗಳ ದೀರ್ಘ ತನ್ನ ಅಕ್ಷರದಿಂದ ಬೇರ್ಪಟ್ಟು ತಾನೇ ಒಂದು ಅಕ್ಷರದಂತೆ ದೂರ ನಿಲ್ಲುತ್ತದೆ. ಟ್ರ್ಯಾಕಿಂಗ್ ಬಿಡಿ. ಕನ್ನಡದಲ್ಲಿ ದೊಡ್ಡಕ್ಷರ-ಸಣ್ಣಕ್ಷರ ಎಂಬ ಜೋಡಿ ಇಲ್ಲ, ಇಟಾಲಿಕ್‌ನ ಸಂಪ್ರದಾಯವೂ ಇಲ್ಲ. ಒಂದು ಪದಕ್ಕೆ ಒತ್ತು ಕೊಡಬೇಕೆಂದರೆ ದಪ್ಪ, ಗಾತ್ರ, ಬಣ್ಣ, ಸುತ್ತಲಿನ ಖಾಲಿ ಜಾಗ, ಇವಿಷ್ಟೇ ಕೈಯಲ್ಲಿರುವುದು. ಕಂಪ್ಯೂಟರಿನಲ್ಲಿ ಅಕ್ಷರವನ್ನು ಓರೆ ಮಾಡಿದರೆ ಅದು ಬೀಳುತ್ತಿರುವಂತೆ ಕಾಣುತ್ತದೆ.

ಇನ್ನು ಪದಗಳ ಉದ್ದ. 'ವಿಶ್ವವಿದ್ಯಾನಿಲಯದಲ್ಲಿ' ಎಂಬಂಥ ಪದ ಕಿರಿದಾದ ಕಾಲಮ್ಮಿನಲ್ಲಿ ಬಂದಾಗ, ಎರಡೂ ಬದಿ ಸಮ ಮಾಡಲು ಹೋದರೆ ಮೇಲಿನ ಸಾಲಿನ ಪದಗಳ ನಡುವೆ ಹಳ್ಳ ಬೀಳುತ್ತದೆ. ಕಿರಿದಾದ ಕಾಲಮ್ಮಿಗೆ ಎಡಗಡೆ ಮಾತ್ರ ಸಮ ಮಾಡಿ, ಬಲಗಡೆ ಹೇಗಿದೆಯೋ ಹಾಗೆ ಬಿಡಿ.

ಕನ್ನಡದ ಪ್ರತಿ ವಿನ್ಯಾಸ ವಿದ್ಯಾರ್ಥಿಯೂ ಎದುರಿಸುವ ಇನ್ನೊಂದು ಗೋಜು ಯೂನಿಕೋಡ್ ಮತ್ತು ಹಳೆಯ ಆಸ್ಕಿ ಫಾಂಟುಗಳದ್ದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕಂಡದ್ದು ಕನ್ನಡ, ಒಳಗೆ ಶೇಖರವಾದದ್ದು ಇಂಗ್ಲಿಷ್ ಸಂಕೇತಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಎಷ್ಟೋ ಡಿಟಿಪಿ ಅಂಗಡಿಗಳು, ಪ್ರೆಸ್‌ಗಳು ಈಗಲೂ ಅವನ್ನೇ ಬಳಸುತ್ತವೆ. ನಿಮ್ಮ ಮೂಲ ಪ್ರತಿ ಯಾವಾಗಲೂ ಯೂನಿಕೋಡ್‌ನಲ್ಲೇ ಇರಲಿ. ಪ್ರೆಸ್ಸಿನವರು ಕೇಳಿದರೆ ಪರಿವರ್ತಿಸಿ ಕೊಡಿ. ಪರಿವರ್ತನೆಯಾದ ಮೇಲೆ ಇಡೀ ಪಠ್ಯವನ್ನು ಮತ್ತೊಮ್ಮೆ ಓದಲೇಬೇಕು, ಅರ್ಕಾವೊತ್ತು ಮತ್ತು ಅಂಕಿಗಳನ್ನು ಎರಡು ಸಲ.

ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಅಕ್ಷರ ಒಡೆದು ಬಂದರೆ ಹೆದರಬೇಡಿ. ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಆರಿಸಿಕೊಂಡರೆ ಸರಿಯಾಗುತ್ತದೆ. ಫೋಟೊಶಾಪ್, ಇಲಸ್ಟ್ರೇಟರ್‌ಗಳಲ್ಲೂ ಟೈಪ್ ಸೆಟ್ಟಿಂಗ್ಸ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಇದೆ. ದುಡ್ಡು ಕೊಡಲಾಗದವರಿಗೆ ಇಂಕ್‌ಸ್ಕೇಪ್, ಕ್ರಿಟಾ, ಸ್ಕ್ರೈಬಸ್ ಇವೆ. ಮೂರೂ ಉಚಿತ, ಮೂರೂ ಗಂಭೀರ ಕೆಲಸಕ್ಕೆ ಸಾಕು. ಯಾವ ಸಾಫ್ಟ್‌ವೇರ್ ಆದರೂ ಮೊದಲು 'ಕ್ಷ, ರಾಷ್ಟ್ರ, ಸೂರ್ಯ, ಕೃಷಿ' ಎಂದು ಟೈಪ್ ಮಾಡಿ ನೋಡಿ. ಈ ನಾಲ್ಕು ಸರಿ ಬಂದರೆ ಮುಂದುವರಿಯಬಹುದು.

ಫಾಂಟುಗಳ ವಿಷಯದಲ್ಲಿ ಈಗಿನ ವಿದ್ಯಾರ್ಥಿಗಳು ಭಾಗ್ಯವಂತರು. ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ನೋಟೊ ಸಾನ್ಸ್ ಮತ್ತು ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟೈರೊ ಕನ್ನಡ, ಅಕಾಯ ಕನಡಕ, ಬೆಣ್ಣೆ, ಹುಬ್ಬಳ್ಳಿ, ಎಲ್ಲವೂ ಮುಕ್ತ ಪರವಾನಗಿಯವು. ಸಂಭಾವನೆ ಪಡೆಯುವ ಕೆಲಸಕ್ಕೂ ಬಳಸಬಹುದು. ಪುಸ್ತಕದ ಒಳಪುಟಕ್ಕೆ ನನ್ನ ಆಯ್ಕೆ ಟೈರೊ ಅಥವಾ ನೋಟೊ ಸೆರಿಫ್. ಅನೇಕ್‌ನಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದಾದ್ದರಿಂದ ಉದ್ದ ಪದಗಳ ತಲೆಬರಹಕ್ಕೆ ಅದು ಬಹಳ ಉಪಕಾರಿ. ಬಾಲೂ ತಮ್ಮ ಮಕ್ಕಳ ಪುಸ್ತಕದ ಹೊದಿಕೆಗೆ ಚೆಂದ, ಇಡೀ ಪುಟ ಓದುವುದಕ್ಕೆ ಭಾರ.

ಫಾಂಟ್ ಆರಿಸುವುದರ ಜೊತೆಗೆ ಅಕ್ಷರ ಬರೆಯುವುದನ್ನೂ ಬಿಡಬಾರದು. ಚಪ್ಪಟೆ ಬ್ರಷ್ಷಿನಲ್ಲಿ 'ಅ' ಬರೆಯುವಾಗ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಕೈಗೆ ತಾನಾಗಿ ತಿಳಿಯುತ್ತದೆ. ನಿಮ್ಮ ಊರಿನಲ್ಲಿ ಗೋಡೆ ಬರಹದ ಪೇಂಟರ್ ಇನ್ನೂ ಕೆಲಸ ಮಾಡುತ್ತಿದ್ದರೆ ಅರ್ಧ ದಿನ ಪಕ್ಕದಲ್ಲಿ ನಿಂತು ನೋಡಿ. ತಲೆಕಟ್ಟಿಗೆ ಸೀಮೆಸುಣ್ಣದ ದಾರ ಹಿಡಿದು ಗೆರೆ ಎಳೆಯುವುದು, ಪದದ ಅಗಲವನ್ನು ಕಣ್ಣಳತೆಯಲ್ಲೇ ಲೆಕ್ಕ ಹಾಕಿ ಕೊನೆಯ ಅಕ್ಷರ ಮೂಲೆಗೆ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳುವುದು, ಇದೆಲ್ಲ ಪುಸ್ತಕಗಳಲ್ಲಿ ಸಿಗುವ ವಿದ್ಯೆಯಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಂದದ್ದು ಕಲ್ಲಚ್ಚಿನಲ್ಲಿ, ಕೈಯಲ್ಲಿ ಬರೆದದ್ದನ್ನು ಕಲ್ಲಿನಿಂದ ಅಚ್ಚೊತ್ತುವ ವಿಧಾನದಲ್ಲಿ. ಅಂದರೆ ನಮ್ಮ ಪತ್ರಿಕಾ ಮುದ್ರಣ ಶುರುವಾದದ್ದೇ ಕೈಬರಹದಿಂದ. ಪುಸ್ತಕದ ಅಂಗಡಿಗೆ ಹೋದಾಗ ಚಂದ್ರನಾಥ ಆಚಾರ್ಯ, ಅಪಾರ ಅವರು ಮಾಡಿದ ಮುಖಪುಟಗಳನ್ನು ಹುಡುಕಿ, ಶೀರ್ಷಿಕೆಯ ಅಕ್ಷರಕ್ಕೂ ಚಿತ್ರಕ್ಕೂ ಎಂಥ ಸಂಬಂಧ ಏರ್ಪಟ್ಟಿದೆ ಎಂದು ಗಮನಿಸಿ.

ಕಣ್ಣಿಗೆ ಕಸರತ್ತು

ಬಣ್ಣದ ಪಾಠಕ್ಕೆ ದುಬಾರಿ ಸಾಮಗ್ರಿ ಬೇಡ. ಜೋಸೆಫ್ ಆಲ್ಬರ್ಸ್ ತಮ್ಮ ವಿದ್ಯಾರ್ಥಿಗಳಿಂದ ಬಣ್ಣದ ಕಾಗದದಲ್ಲೇ ಅಭ್ಯಾಸ ಮಾಡಿಸಿ, 1963ರಲ್ಲಿ ಅದನ್ನು 'ಇಂಟರ್‌ಆ್ಯಕ್ಷನ್ ಆಫ್ ಕಲರ್' ಪುಸ್ತಕವಾಗಿ ತಂದರು. ಸ್ಟೇಷನರಿ ಅಂಗಡಿಯ ಕ್ರಾಫ್ಟ್ ಕಾಗದ ತಂದು ಮನೆಯಲ್ಲೇ ಮಾಡಬಹುದು. ಒಂದೇ ಬೂದು ಬಣ್ಣದ ಎರಡು ಚೂರು ಕತ್ತರಿಸಿ, ಒಂದನ್ನು ಕಡು ನೀಲಿಯ ಮೇಲೆ, ಇನ್ನೊಂದನ್ನು ತಿಳಿ ಹಳದಿಯ ಮೇಲೆ ಇಡಿ. ಎರಡೂ ಬೇರೆ ಬೇರೆ ಬೂದು ಎಂದೇ ಕಣ್ಣು ಹೇಳುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಬಣ್ಣವನ್ನು ಪಕ್ಕದ ಬಣ್ಣವಿಲ್ಲದೆ ಆರಿಸುವುದಿಲ್ಲ. ಪರದೆಯ ಮೇಲಿನ ಪಠ್ಯಕ್ಕೆ ಒಂದು ಖಚಿತ ಅಳತೆಯೂ ಇದೆ. ವೆಬ್‌ಸೈಟುಗಳ ಸುಗಮ್ಯತಾ ಮಾರ್ಗಸೂಚಿಯ ಪ್ರಕಾರ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1ರಷ್ಟು ಬೆಳಕಿನ ವ್ಯತ್ಯಾಸ ಬೇಕು. ಇದನ್ನು ಲೆಕ್ಕ ಹಾಕಿಕೊಡುವ ಉಚಿತ ಸಾಧನಗಳು ಸಿಗುತ್ತವೆ.

ಚಿತ್ರದಿಂದಲೇ ಮಾತಾಡುವುದಕ್ಕೆ ನಮ್ಮಲ್ಲಿರುವ ಅತ್ಯುತ್ತಮ ಪಾಠ ಚುನಾವಣಾ ಚಿಹ್ನೆಗಳು. ಓದು ಬಾರದ ಕೋಟ್ಯಂತರ ಮತದಾರರಿಗಾಗಿ 1951–52ರ ಮೊದಲ ಮಹಾಚುನಾವಣೆಯಿಂದಲೇ ಅವು ಬಳಕೆಗೆ ಬಂದವು. ಚುನಾವಣಾ ಆಯೋಗದ ಡ್ರಾಫ್ಟ್ಸ್‌ಮನ್ ಆಗಿದ್ದ ಎಂ. ಎಸ್. ಸೇಥಿ ಅವುಗಳಲ್ಲಿ ಎಷ್ಟನ್ನೋ ಪೆನ್ಸಿಲಿನಲ್ಲಿ ಬರೆದವರು. ಬಣ್ಣವಿಲ್ಲ, ಬರೀ ಕಪ್ಪು ಗೆರೆ. ಮತಯಂತ್ರದ ಪುಟ್ಟ ಚೌಕದಲ್ಲಿಯೂ ಸೈಕಲ್ಲು ಸೈಕಲ್ಲೇ, ತೆಂಗಿನಕಾಯಿ ತೆಂಗಿನಕಾಯಿಯೇ. ಮನೆಯಲ್ಲಿರುವ ಹತ್ತು ವಸ್ತುಗಳನ್ನು, ಈಳಿಗೆ ಮಣೆ, ಒರಳು, ಪ್ರೆಶರ್ ಕುಕ್ಕರ್, ಛತ್ರಿ, ಹೀಗೆ, ಒಂದು ಸೆಂಟಿಮೀಟರ್ ಚೌಕದಲ್ಲಿ ಕಪ್ಪು ಪೆನ್ನಿನಿಂದ ಬರೆಯಿರಿ. ಮನೆಯ ಹಿರಿಯರು ಕನ್ನಡಕವಿಲ್ಲದೆ ಗುರುತಿಸಬೇಕು. ಯಾವ ಗೆರೆ ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ವಸ್ತುವೇ ಇಲ್ಲವಾಗುತ್ತದೆ ಎಂಬುದು ಹತ್ತನೆಯ ಚಿತ್ರದ ಹೊತ್ತಿಗೆ ತಿಳಿಯತೊಡಗುತ್ತದೆ.

ಈಗ ಎಐ ಸಾಧನಗಳು ಕ್ಷಣದಲ್ಲಿ ಚಿತ್ರ ಕೊಡುತ್ತವೆ. ಹೊಳಹು ಹುಡುಕಲು ಬಳಸಿ, ತಪ್ಪಿಲ್ಲ. ಆದರೆ ಅವು ಚಿತ್ರದೊಳಗೆ ಬರೆದುಕೊಡುವ ಕನ್ನಡವನ್ನು ನಂಬಬೇಡಿ, ಒತ್ತು-ದೀರ್ಘಗಳು ಕಲಸಿಹೋಗಿರಬಹುದು. ಹಾಗೆ ಬಳಸಿದ್ದನ್ನು ಕೆಲಸ ಕೊಟ್ಟವರಿಗೂ ಪರೀಕ್ಷಕರಿಗೂ ಹೇಳಿಬಿಡಿ.

ಪ್ರೆಸ್ಸಿಗೆ ಹೋಗಿ ಬನ್ನಿ

ಪರದೆಯ ಮೇಲಷ್ಟೇ ಕಲಿತವರ ಬೆಳವಣಿಗೆ ಒಂದು ಹಂತದಲ್ಲಿ ನಿಂತುಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರನ್ನು ಮುಂದಕ್ಕೆ ತಳ್ಳುವುದು ಆಫ್‌ಸೆಟ್ ಪ್ರೆಸ್ಸಿನ ಒಂದು ಭೇಟಿ. ಅಲ್ಲಿ ಬಣ್ಣ ಅಂದರೆ ನಾಲ್ಕು ಶಾಯಿ: ನೀಲಿ ಛಾಯೆಯ ಸಯಾನ್, ಗುಲಾಬಿ ಛಾಯೆಯ ಮಜೆಂಟಾ, ಹಳದಿ, ಕಪ್ಪು. ಪರದೆಯಲ್ಲಿ ಮಿಂಚುವ ಕಡು ಹಸಿರು, ಕಿತ್ತಳೆ ಕಾಗದಕ್ಕೆ ಬಂದಾಗ ಮಂಕಾಗುವುದು ಶಾಯಿಯ ಮಿತಿಯಿಂದ, ಪ್ರೆಸ್ಸಿನವರ ತಪ್ಪಿನಿಂದಲ್ಲ. ಫೈಲನ್ನು ಮೊದಲೇ ಸಿಎಂವೈಕೆಗೆ, ಅಂದರೆ ಈ ನಾಲ್ಕು ಶಾಯಿಗಳ ಲೆಕ್ಕಕ್ಕೆ ತಂದು ನೋಡಿಕೊಂಡರೆ ಈ ನಿರಾಸೆ ತಪ್ಪುತ್ತದೆ.

ಸಣ್ಣ ಗಾತ್ರದ ಕನ್ನಡ ಅಕ್ಷರಕ್ಕೆ ಕಪ್ಪು ಶಾಯಿಯೊಂದೇ ಇರಲಿ, ಶೇ 100 ಕೆ. ನಾಲ್ಕೂ ಶಾಯಿ ಬೆರೆಸಿದ ಕಪ್ಪಿನಲ್ಲಿ ಪ್ಲೇಟು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಸುತ್ತ ಬಣ್ಣದ ಅಂಚು ಕಾಣುತ್ತದೆ. ಕಡು ಬಣ್ಣದ ಮೇಲೆ ಬಿಳಿ ಸಣ್ಣಕ್ಷರ ಬಿಟ್ಟರೆ ಶಾಯಿ ಹರಡಿ ತೆಳು ಗೆರೆಗಳು ಮುಚ್ಚಿಹೋಗುತ್ತವೆ. ಪ್ರೆಸ್ಸಿನವರು 'ಫಿಲ್ ಆಗುತ್ತೆ ಮೇಡಂ' ಎಂದು ಎಚ್ಚರಿಸಿದರೆ ಮಾತು ಕೇಳಿ, ಅಕ್ಷರ ದೊಡ್ಡದು ಮಾಡಿ ಅಥವಾ ದಪ್ಪ ಫಾಂಟ್ ಆರಿಸಿ. ಅಂಚಿನವರೆಗೂ ಬಣ್ಣ ಇರುವ ಪುಟಕ್ಕೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚು ಬಿಡಬೇಕು, ಕಟಿಂಗ್ ಆದಾಗ ಬಿಳಿ ಅಂಚು ಇಣುಕದಿರಲು.

ಫೋಟೊ ಮುದ್ರಣದ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ 1080 ಪಿಕ್ಸೆಲ್ ಅಗಲದ ಚಿತ್ರ 3.6 ಇಂಚಿಗಿಂತ ದೊಡ್ಡದಾಗಿ ಚೆನ್ನಾಗಿ ಅಚ್ಚಾಗದು. ಫೋಟೊ ಕಳಿಸುವವರಿಗೆ 'ಡಾಕ್ಯುಮೆಂಟ್ ಆಗಿ ಕಳಿಸಿ' ಎಂದು ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಕನ್ನಡ ಪುಸ್ತಕ ಮಾಡುವ ಆಸೆಯಿದ್ದವರು ಡೆಮಿ 1/8 ಅಳತೆಯನ್ನು, ಅಂದರೆ ಸುಮಾರು ಐದೂವರೆ ಬೈ ಎಂಟೂವರೆ ಇಂಚನ್ನು, ಕೈಯಲ್ಲಿ ಹಿಡಿದು ರೂಢಿ ಮಾಡಿಕೊಳ್ಳಬೇಕು. 16 ಪುಟಕ್ಕೆ ಒಂದು ಫಾರಂ. ಪುಟಗಳ ಲೆಕ್ಕ 16ರ ಅಥವಾ 8ರ ಮಡಿಯಲ್ಲಿ ಬಂದರೆ ಕಾಗದ ವ್ಯರ್ಥವಾಗದು. ಬೆನ್ನಿನ ಅಗಲವನ್ನು ಊಹಿಸಿ ಮುಖಪುಟ ಮಾಡಬೇಡಿ. ಅದೇ ಕಾಗದದಲ್ಲಿ ಅಷ್ಟೇ ಪುಟದ ಖಾಲಿ ಡಮ್ಮಿ ಮಾಡಿಸಿಕೊಂಡು ಸ್ಕೇಲಿನಲ್ಲಿ ಅಳೆಯಿರಿ.

ಕರಡುಗಳನ್ನು ಇಟ್ಟುಕೊಳ್ಳಿ

ಒಂದೇ ಫೈಲಿನ ಮೇಲೆ ಸೇವ್ ಮಾಡುತ್ತಾ ಹೋದರೆ ನೀವು ಎಲ್ಲಿಂದ ಎಲ್ಲಿಗೆ ಬಂದಿರಿ ಎಂಬುದು ನಿಮಗೇ ಕಾಣುವುದಿಲ್ಲ. ಪ್ರತಿ ದೊಡ್ಡ ಬದಲಾವಣೆಗೂ ಬೇರೆ ಫೈಲ್, ಹೆಸರಿನಲ್ಲಿ ದಿನಾಂಕ. ಪೆನ್ಸಿಲ್ ಚಿತ್ರಗಳನ್ನು ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿ ಹಾಕಿ. ಪಕ್ಕದಲ್ಲಿ ಒಂದೆರಡು ಸಾಲು: ಏನು ಬದಲಿಸಿದೆ, ಏಕೆ. ಸೆಮಿಸ್ಟರಿನ ಕೊನೆಯಲ್ಲಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡುವಾಗ ಸಿಗುವ ತಿಳಿವಳಿಕೆ ಅಂಕಪಟ್ಟಿಯಲ್ಲಿ ಸಿಗದು.

ಕೆಲಸವನ್ನು ಬೇರೆಯವರಿಗೆ ತೋರಿಸುವಾಗ ಬಾಯಿ ಮುಚ್ಚಿಕೊಂಡಿರುವುದು ಕಷ್ಟ, ಆದರೆ ಅದನ್ನು ಕಲಿಯಲೇಬೇಕು. ನೀವು ವಿವರಿಸಲು ಹೊರಟರೆ ಅವರು ನೋಡುವುದನ್ನು ಬಿಟ್ಟು ನಿಮ್ಮ ಮಾತು ಕೇಳುತ್ತಾರೆ. ಗೋಡೆಯ ಮೇಲಿನ ಪೋಸ್ಟರಿನ ಪಕ್ಕದಲ್ಲಿ ನೀವು ನಿಂತಿರುವುದಿಲ್ಲವಲ್ಲ. 'ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. 'ಇದರಲ್ಲಿ ಮೊದಲು ಏನು ಕಂಡಿತು? ಆಮೇಲೆ? ಎಲ್ಲಿಗೆ, ಯಾವಾಗ ಹೋಗಬೇಕು ಹೇಳಿ ನೋಡೋಣ' ಎಂದು ಕೇಳಿ. ಸಹಪಾಠಿಗಳಿಗಿಂತ ಮನೆಯ ಅಜ್ಜಿ, ಕ್ಯಾಂಟೀನಿನ ಅಣ್ಣ, ಬಸ್ಸಿನಲ್ಲಿ ಪಕ್ಕ ಕೂತವರು ಉತ್ತಮ ಪರೀಕ್ಷಕರು.

ಎಲ್ಲಿ ಓದುವುದು

ಹೈಸ್ಕೂಲಿನಲ್ಲಿರುವವರು ರಾಜ್ಯದ ಲೋಯರ್, ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಬರೆಯಲಿ, ಕೈ ಪಳಗುತ್ತದೆ. ಪಿಯುಸಿ ಮುಗಿದ ಮೇಲೆ ಬ್ಯಾಚುಲರ್ ಆಫ್ ವಿಶುವಲ್ ಆರ್ಟ್ಸ್, ಅಂದರೆ ಬಿವಿಎ, ಸಾಮಾನ್ಯವಾಗಿ ನಾಲ್ಕು ವರ್ಷ. ಅದರಲ್ಲಿ ಅನ್ವಯಿಕ ಕಲೆ ವಿಭಾಗ ಆರಿಸಿಕೊಂಡವರಿಗೆ ಗ್ರಾಫಿಕ್ ಡಿಸೈನ್ ಸಿಗುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ) ಇವುಗಳಿಗೆ ದೊಡ್ಡ ಪರಂಪರೆ ಇದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಥ ಕಲಾಶಾಲೆಗಳಲ್ಲಿ ಹೊಂದಿಕೊಳ್ಳುವುದು ಸುಲಭ.

1961ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಡಿಎಟಿ ಎಂಬ ಪ್ರವೇಶ ಪರೀಕ್ಷೆ ಇದೆ. ಅದರ ಬೆಂಗಳೂರು ಕ್ಯಾಂಪಸ್‌ನಲ್ಲಿ ಇರುವುದು ಸ್ನಾತಕೋತ್ತರ ಕೋರ್ಸ್‌ಗಳು. ಐಐಟಿಗಳ ಬಿ.ಡಿಸೈನ್‌ಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಬರೆಯಬೇಕು. ವಿಜ್ಞಾನ, ವಾಣಿಜ್ಯ, ಕಲೆ, ಯಾವ ವಿಭಾಗದವರಿಗೂ ಅವಕಾಶವಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ ಎಂದು ಕನ್ನಡ ಮಾಧ್ಯಮದ ಮಕ್ಕಳು ಹಿಂಜರಿಯುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಅಲ್ಲಿ ಪರೀಕ್ಷಿಸುವುದು ಮುಖ್ಯವಾಗಿ ಗಮನ, ಆಕಾರಗಳ ಅರಿವು, ಚಿತ್ರ ಬರೆಯುವ ಶಕ್ತಿ. ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ದುಬಾರಿ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಅವನ್ನು ಬಿಡಿಸಿ ನೋಡಿ. ಖಾಸಗಿ ಸಂಸ್ಥೆಗಳೂ ಬಹಳ ಇವೆ, ಶುಲ್ಕ ಲಕ್ಷಗಳಲ್ಲಿ. ಸೇರುವ ಮೊದಲು ಅಲ್ಲಿನ ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಹೋಗಿ, ಗೋಡೆಯ ಮೇಲಿನ ಕೆಲಸಗಳೆಲ್ಲ ಒಬ್ಬರೇ ಮಾಡಿದಂತೆ ಕಾಣುತ್ತವೆಯೋ ಎಂದು ನೋಡಿ. ಹಾಗೆ ಕಂಡರೆ ಯೋಚಿಸಿ.

ಪೋರ್ಟ್‌ಫೋಲಿಯೊ ಮತ್ತು ಮೊದಲ ಸಂಭಾವನೆ

ಪೋರ್ಟ್‌ಫೋಲಿಯೊದಲ್ಲಿ ಎಂಟು-ಹತ್ತು ಕೆಲಸ ಸಾಕು. ಅವುಗಳಲ್ಲಿ ಎರಡನ್ನಾದರೂ ಮೊದಲ ಪೆನ್ಸಿಲ್ ಗೆರೆಯಿಂದ ಅಚ್ಚಾದ ಪ್ರತಿಯವರೆಗೆ ತೋರಿಸಿ, ಬಿಟ್ಟುಬಿಟ್ಟ ದಾರಿಗಳ ಸಮೇತ. ಕೆಲಸಕ್ಕೆ ತೆಗೆದುಕೊಳ್ಳುವವರು ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಇಲ್ಲದ ಕಾಫಿ ಕಂಪನಿಗೆ ಮಾಡಿದ ಕಾಲ್ಪನಿಕ ಲೋಗೊಗಿಂತ ನಿಮ್ಮೂರಿನ ಹಾಲಿನ ಡೈರಿಯ ದರಪಟ್ಟಿ, ಗ್ರಂಥಾಲಯದ ಸೂಚನಾ ಫಲಕ, ಯಕ್ಷಗಾನ ಮೇಳದ ಕರಪತ್ರ ಹೆಚ್ಚು ಮಾತಾಡುತ್ತವೆ. ಅವುಗಳ ಹಿಂದೆ ನಿಜವಾದ ಓದುಗರಿದ್ದಾರೆ, ನಿಜವಾದ ಅಡಚಣೆಗಳಿವೆ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಬರೆಯಿರಿ.

ಓದುತ್ತಿರುವಾಗಲೇ ಲಗ್ನಪತ್ರಿಕೆ, ಲೋಗೊ, ಮುಖಪುಟದ ಕೆಲಸ ಬರತೊಡಗುತ್ತದೆ. ಪರಿಚಯದವರು ಎಂಬ ಸಂಕೋಚಕ್ಕೆ ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಏನು ಮಾಡಿಕೊಡುತ್ತೀರಿ, ಎಷ್ಟು ಸಲ ತಿದ್ದಿಕೊಡುತ್ತೀರಿ, ಎಷ್ಟು ಸಂಭಾವನೆ, ಮುಂಗಡ ಎಷ್ಟು, ಇಷ್ಟನ್ನು ಒಂದು ಇಮೇಲಿನಲ್ಲಿ ಬರೆದು ಅವರಿಂದ 'ಒಪ್ಪಿಗೆ' ಎಂದು ಉತ್ತರ ಪಡೆಯಿರಿ. ಇದರಿಂದ ಸಂಬಂಧ ಕೆಡುವುದಿಲ್ಲ, ಉಳಿಯುತ್ತದೆ. ಕೃತಿಸ್ವಾಮ್ಯ ಬೇರೆಯೇ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕನ್ನು ಬರವಣಿಗೆಯಲ್ಲಿ, ಸಹಿಯೊಂದಿಗೆ ವರ್ಗಾಯಿಸಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ ಎಂದೂ ಕಾನೂನು ಭಾವಿಸುತ್ತದೆ. ಲೋಗೊ ಮಾಡಿಕೊಟ್ಟಾಗ ಎರಡನ್ನೂ ಸ್ಪಷ್ಟವಾಗಿ ಬರೆಯಿರಿ. ಕೆಲಸವನ್ನು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ತೋರಿಸುವ ಹಕ್ಕು ನಿಮಗೆ ಉಳಿಯುತ್ತದೆ ಎಂಬ ಸಾಲನ್ನೂ ಸೇರಿಸಿ. ಅಚ್ಚಿಗೆ ಹೋಗುವ ಮುಂಚೆ ಅಂತಿಮ ಪಿಡಿಎಫ್‌ನ ಪ್ರಿಂಟ್ ಮೇಲೆ, ಹೆಸರು, ದಿನಾಂಕ, ಫೋನ್ ನಂಬರುಗಳನ್ನು ಅವರಿಂದಲೇ ಓದಿಸಿ ಸಹಿ ಹಾಕಿಸಿಕೊಳ್ಳಿ.